ಲೇಬಲ್ ಕಾಂಟ್ರಾಕ್ಟ್ ಬಂದಿದೆ, ಹತ್ತು ದಿನದಲ್ಲಿ ಸಹಿ ಮಾಡಬೇಕಂತೆ. ಅನುಭವ ಇದ್ದವರು ಹೇಳಿ

ವಿಮಾನ್‌ನಗರ_ಧಾರವಾಡ
ಎಲ್ಲರಿಗೂ ನಮಸ್ಕಾರ. ಊರು ಧಾರವಾಡ, ಇರೋದು ಪುಣೆಯಲ್ಲಿ. ಎರಡು ವರ್ಷದಿಂದ ಟೆಕ್ನೋ (ಎಲೆಕ್ಟ್ರಾನಿಕ್ ಡ್ಯಾನ್ಸ್ ಸಂಗೀತ) ಮಾಡುತ್ತಿದ್ದೇನೆ. ಮುಂಬೈಯ ಒಂದು ಲೇಬಲ್, ಅಂದರೆ ಸಂಗೀತ ಬಿಡುಗಡೆ ಮಾಡುವ ಕಂಪನಿ, ಮೂರು ಟ್ರ್ಯಾಕ್‌ನ ಇಪಿಗೆ (ಚಿಕ್ಕ ಆಲ್ಬಮ್) ಕಾಂಟ್ರಾಕ್ಟ್ ಕಳಿಸಿದೆ. ಅಡ್ವಾನ್ಸ್ 40,000 ರೂಪಾಯಿ. ಖರ್ಚು ಕಳೆದು ಉಳಿದದ್ದರಲ್ಲಿ ಅರ್ಧ ಅರ್ಧ. ಮಾಸ್ಟರ್ ಹಕ್ಕು, ಅಂದರೆ ರೆಕಾರ್ಡಿಂಗ್ ಮೇಲಿನ ಹಕ್ಕು, ಶಾಶ್ವತವಾಗಿ ಅವರದು. ಮುಂದಿನ ಎರಡು ಇಪಿಯನ್ನೂ ಮೊದಲು ಅವರಿಗೇ ತೋರಿಸಬೇಕು. ಒಂದು ಟ್ರ್ಯಾಕ್‌ನಲ್ಲಿ ಅಜ್ಜಿ ಮನೆಯ ಹಳೇ ಕ್ಯಾಸೆಟ್‌ನಿಂದ ಗೀಗೀ ಪದದ ನಾಲ್ಕು ಸೆಕೆಂಡ್ ದನಿ ತೆಗೆದು ಹಾಕಿದ್ದೇನೆ. ಅವರಿಗೆ ಜಾಸ್ತಿ ಹಿಡಿಸಿದ್ದು ಅದೇ. ಅಪ್ಪ ಸಹಿ ಮಾಡು ಅಂತಾರೆ. ನನಗೆ ಧೈರ್ಯ ಸಾಲುತ್ತಿಲ್ಲ.

ಡೊಂಬಿವ್ಲಿ_303
"ಶಾಶ್ವತವಾಗಿ" ಅನ್ನೋ ಮಾತು ಓದಿಯೇ ಕೈ ನಡುಗಿತು, ತಮ್ಮಾ. ನನ್ನದರಲ್ಲೂ ಅದೇ ಇತ್ತು. 2018ರಲ್ಲಿ ಅಂಧೇರಿಯ ಒಂದು ಕಾಫಿ ಅಂಗಡಿಯಲ್ಲಿ ಕೂತು ಸಹಿ ಮಾಡಿದೆ. 14 ಪುಟ. ನಾನು ಓದಿದ್ದು ಎರಡು. ಅಡ್ವಾನ್ಸ್ 60,000, ಟಿಡಿಎಸ್ 10% ಹಿಡಿದು ಕೈಗೆ 54,000 ಬಂತು. ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಒಂದು ಜೋಡಿ ಮಾನಿಟರ್ ಸ್ಪೀಕರ್ ತಗೊಂಡೆ. ಲೋಕಲ್‌ನಲ್ಲಿ ಡೊಂಬಿವ್ಲಿಯವರೆಗೆ ಮಗುವಿನ ಹಾಗೆ ತೊಡೆ ಮೇಲಿಟ್ಟುಕೊಂಡು ಬಂದೆ.

ಆರು ತಿಂಗಳಿಗೆ ಲೆಕ್ಕದ ಹಾಳೆ ಬಂತು. ಈಗಲೂ ಕಪಾಟಿನಲ್ಲಿದೆ. ಬಂದ ಹಣ 3,816. ಖರ್ಚು: ಮಾಸ್ಟರಿಂಗ್ (ಬಿಡುಗಡೆಗೆ ಮೊದಲು ದನಿ ಹದ ಮಾಡೋದು) 18,000, ಕವರ್ ಚಿತ್ರ 7,500, ಪ್ರಚಾರ 35,000, ವಿಡಿಯೋ 12,000, "ಇತರೆ" 4,250. ಒಟ್ಟು 76,750. ಮೊದಲು ಇದು ಪೂರ್ತಿ ತೀರಬೇಕು. ಆಮೇಲೆ ಬಂದದ್ದರಲ್ಲಿ ಅರ್ಧ ನನ್ನದು. ಆ ಅರ್ಧದಿಂದಲೇ ಅಡ್ವಾನ್ಸ್ 60,000 ವಾಪಸ್ ಕಟ್ಟಬೇಕು. ಅಂದರೆ ನನ್ನ ಮೊದಲ ರೂಪಾಯಿ ಕಾಣಬೇಕಾದರೆ ಆ ಇಪಿ 1,96,750 ದುಡಿಯಬೇಕು. "ಇತರೆ" ಅಂದರೇನು ಅಂತ ನಾಲ್ಕು ಸಲ ಕೇಳಿದೆ. ಉತ್ತರವಿಲ್ಲ.

2021ರಲ್ಲಿ ತಂಗಿ ಮದುವೆಯ ವಿಡಿಯೋಗೆ ನನ್ನದೇ ಟ್ರ್ಯಾಕ್ ಹಾಕಿದೆ. ಯೂಟ್ಯೂಬ್‌ನಲ್ಲಿ ಕಂಟೆಂಟ್ ಐಡಿ ಕ್ಲೇಮ್ ಬಂತು, ಅಂದರೆ ಈ ಸಂಗೀತ ಲೇಬಲ್‌ನದು ಅಂತ ಯೂಟ್ಯೂಬ್ ತಾನೇ ಗುರುತು ಹಿಡಿಯಿತು. ಸಂಗೀತ ನನ್ನದು, ಮದುವೆ ನಮ್ಮ ಮನೆಯದು, ಜಾಹೀರಾತಿನ ದುಡ್ಡು ಅವರದು. ಅಮ್ಮನಿಗೆ ಇದನ್ನು ಅರ್ಥ ಮಾಡಿಸೋಕೇ ಆಗಲಿಲ್ಲ.

ಮಾಪ್ಸಾ_ಸೈ
ಅಣ್ಣಾ, ನಿಮ್ಮ ನೋವು ಖರೆ. ಆದರೆ ಹುಡುಗನನ್ನು ಹೆದರಿಸಬೇಡಿ. ನಾನು ಹುಬ್ಬಳ್ಳಿಯವನು. 2012ರಲ್ಲಿ ಗೋವಾಕ್ಕೆ ಬಂದಾಗ ಅಂಜುನಾದಲ್ಲಿ ಸ್ಪೀಕರ್ ಡಬ್ಬ ಹೊರುತ್ತಿದ್ದೆ. ಟ್ರ್ಯಾಕ್ ಮಾಡಿ ಮಾಡಿ ಹಾರ್ಡ್ ಡಿಸ್ಕ್ ತುಂಬಿತ್ತು, ಕೇಳುವವರಿರಲಿಲ್ಲ. ಹೊರದೇಶದ ಒಂದು ಸಣ್ಣ ಸೈಟ್ರಾನ್ಸ್ (ವೇಗದ ಎಲೆಕ್ಟ್ರಾನಿಕ್ ಡ್ಯಾನ್ಸ್ ಸಂಗೀತ) ಲೇಬಲ್ ನನ್ನ ಎರಡು ಟ್ರ್ಯಾಕ್ ತಗೊಂಡಿತು. ಅಡ್ವಾನ್ಸ್ ಸೊನ್ನೆ. ಇವತ್ತಿನವರೆಗೂ ಅದರಿಂದ ಒಂದು ಪೈಸೆ ಬಂದಿಲ್ಲ. ಆದರೆ ಮೊದಲು ಒಂದು ರಾತ್ರಿಗೆ 4,000 ಕೊಡುತ್ತಿದ್ದವರು ಮುಂದಿನ ಸೀಸನ್‌ಗೆ 25,000 ಕೊಟ್ಟರು. ಬೀಟ್‌ಪೋರ್ಟ್‌ನಲ್ಲಿ ಟ್ರ್ಯಾಕ್ ಕೊಳ್ಳೋಕೆ ಬರುವ ಡಿಜೆಗಳು ಮೊದಲು ನೋಡೋದು ಲೇಬಲ್ ಹೆಸರು. ನಮ್ಮ ಸಂಗೀತದಲ್ಲಿ ದುಡ್ಡಿರೋದು ಸ್ಟೇಜ್ ಮೇಲೆ, ಸ್ಟ್ರೀಮ್‌ನಲ್ಲಲ್ಲ. ಎರಡು ಟ್ರ್ಯಾಕ್ ಕೊಟ್ಟೆ, ಬದುಕು ಸಿಕ್ಕಿತು. ನನಗೆ ಪಶ್ಚಾತ್ತಾಪವಿಲ್ಲ.

ಕೋಥ್ರೂಡ್_ಅಕ್ಕ
ಮಾಪ್ಸಾದವರೇ, ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಸ್ಟೇಜ್ ಎಲ್ಲಿರುತ್ತದೆ? ರಾತ್ರಿ 10ಕ್ಕೆ ಬಯಲಲ್ಲಿ ಸೌಂಡ್ ನಿಲ್ಲಿಸಬೇಕು ಅನ್ನೋ ನಿಯಮವಿರುವ ಕಡೆ ಸ್ಟೇಜ್ ನಂಬಿ ಅಂತ ಹೇಗೆ ಹೇಳುತ್ತೀರಿ?

ನಾನು ಯಾವ ಲೇಬಲ್‌ಗೂ ಕೊಡಲಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಶುರು ಮಾಡಿದ್ದು, 11 ಟ್ರ್ಯಾಕ್, ಎಲ್ಲ ನಾನೇ ಬಿಡುಗಡೆ ಮಾಡಿದೆ. ಸ್ಪಾಟಿಫೈಯಂಥ ಕಡೆ ಟ್ರ್ಯಾಕ್ ಏರಿಸಿಕೊಡೋಕೆ ವರ್ಷಕ್ಕೊಮ್ಮೆ ದುಡ್ಡು ಕಟ್ಟುವ ಡಿಸ್ಟ್ರಿಬ್ಯೂಟರ್. 2022ರಲ್ಲಿ ನನ್ನ ಕಾರ್ಡ್ ಅವಧಿ ಮುಗಿದಿತ್ತು. ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದೆವು, ಮೇಲ್ ನೋಡಲಿಲ್ಲ. ವಾಪಸ್ ಬರೋಷ್ಟರಲ್ಲಿ 11 ಟ್ರ್ಯಾಕ್‌ಗಳೂ ಮಾಯ. ಹಳೇ ಐಎಸ್‌ಆರ್‌ಸಿ (ಪ್ರತಿ ರೆಕಾರ್ಡಿಂಗ್‌ನ ಗುರುತಿನ) ನಂಬರನ್ನೇ ಹಾಕಿ ಮತ್ತೆ ಏರಿಸಿದ್ದರೆ ಎಣಿಕೆ ಉಳಿಯುತ್ತಿತ್ತು. ನನಗೆ ಗೊತ್ತಿರಲಿಲ್ಲ, ಹೊಸ ನಂಬರ್ ತಗೊಂಡೆ. 2,80,000 ಸಲ ಕೇಳಿದ್ದ ಟ್ರ್ಯಾಕ್ ಸೊನ್ನೆಗೆ ಬಂತು, ಪ್ಲೇಲಿಸ್ಟ್‌ಗಳಿಂದಲೂ ಹೋಯಿತು. ಒಂದು ವಾರ ಲ್ಯಾಪ್‌ಟಾಪ್ ಮುಟ್ಟಲಿಲ್ಲ. ಆಮೇಲೆ 2024ರಲ್ಲಿ ಸ್ಪಾಟಿಫೈ ಹೊಸ ನಿಯಮ ತಂದಿತು. ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳದ ಟ್ರ್ಯಾಕ್‌ಗೆ ಹಣವೇ ಇಲ್ಲ. ನನ್ನ 11ರಲ್ಲಿ 7 ಹೀಗೆ ಹೋದವು. ಬ್ಯಾಂಡ್‌ಕ್ಯಾಂಪ್ ಅನ್ನೋ ಸೈಟ್‌ನಲ್ಲಿ ಟ್ರ್ಯಾಕ್ ಮಾರಿದರೆ ಅವರು 15% ಹಿಡಿಯುತ್ತಾರೆ, ಉಳಿದದ್ದೇ ಗತಿ. ಹೋದ ವರ್ಷ ಎಲ್ಲ ಸೇರಿ 19,000. ಅಷ್ಟೂ ನನ್ನದು, ಯಾರ ಸಹಿಯೂ ಬೇಕಿಲ್ಲ.

ಮಾಪ್ಸಾ_ಸೈ
ಅಕ್ಕಾ, 19,000 ನನ್ನ ಒಂದು ರಾತ್ರಿಗಿಂತ ಕಡಿಮೆ. ಮನೆಯಲ್ಲಿ ಕೂತರೆ ಅಷ್ಟೇ ಬರೋದು. ಜನರ ಮುಂದೆ ನಿಲ್ಲಬೇಕು.

ಕೋಥ್ರೂಡ್_ಅಕ್ಕ
ನಿಂತಿದ್ದೇನೆ. ವಾಗತೋರ್‌ನಲ್ಲಿ ಎರಡು ಸಲ ಬಾರಿಸಿದ್ದೇನೆ. ಬೆಳಗಿನ ಜಾವ ಮೂರಕ್ಕೆ ಒಬ್ಬಳೇ ಸ್ಕೂಟರ್‌ನಲ್ಲಿ ರೂಮಿಗೆ ಬರುವಾಗ ಎರಡು ಬೈಕ್ ಹಿಂದೆ ಬಂದವು. ಆವತ್ತೇ ತೀರ್ಮಾನ ಮಾಡಿದೆ. ನೀವು ಮನೆಯಲ್ಲಿ ಕೂತೆ ಅಂತ ಸಲೀಸಾಗಿ ಹೇಳಬೇಡಿ.

ಮಾಪ್ಸಾ_ಸೈ
ಆ ಮಾತು ತಪ್ಪು, ವಾಪಸ್ ತಗೊಂಡೆ. ಲೇಬಲ್ ಬಗ್ಗೆ ಹೇಳಿದ್ದು ವಾಪಸ್ ತಗೊಳ್ಳಲ್ಲ.

ಠಾಣೆ_ಈಸ್ಟ್
ನೀವೆಲ್ಲ ಮಾತಾಡುತ್ತಿರೋದು ಮಾಸ್ಟರ್ ಬಗ್ಗೆ, ಅಂದರೆ ರೆಕಾರ್ಡಿಂಗ್ ಬಗ್ಗೆ. ಕಂಪೋಸಿಷನ್ (ಸಂಗೀತ ರಚನೆ) ಬೇರೆ ಹಕ್ಕು. ಅದನ್ನು ಮರೆತೇ ನಾನು ಹಾಳಾದೆ. ಆರು ವರ್ಷ ಮರಾಠಿ ಸೀರಿಯಲ್‌ಗಳಿಗೆ ಹಿನ್ನೆಲೆ ಸಂಗೀತ ಕೊಟ್ಟೆ. ಐಪಿಆರ್‌ಎಸ್ ಅಂದರೆ ಸಂಗೀತ ರಚಿಸಿದವರ ರಾಯಲ್ಟಿ ವಸೂಲಿ ಮಾಡಿ ಹಂಚುವ ಕಾಪಿರೈಟ್ ಸೊಸೈಟಿ. ಅದು 1969ರಿಂದ ಇದೆ, ಆಫೀಸೂ ಮುಂಬೈಯಲ್ಲೇ. ಲೋಕಲ್‌ನಲ್ಲಿ ಅಲ್ಲಿಗೆ ಹೋಗೋಕೆ ನನಗೆ ಒಂದು ಗಂಟೆ ಸಾಕು. ಆದರೂ ಸದಸ್ಯ ಆಗಿದ್ದು 2021ರಲ್ಲಿ. ಅದಕ್ಕೆ ಮೊದಲಿನ ಪ್ರಸಾರಗಳಿಂದ ನನಗೆ ಏನೂ ಬಂದಿಲ್ಲ.

2012ರಲ್ಲಿ ಕಾಪಿರೈಟ್ ಕಾಯ್ದೆ ತಿದ್ದುಪಡಿಯಾಯಿತು. ಸಂಗೀತ ಮಾಡಿದವನು ಕಂಪೋಸಿಷನ್ ಹಕ್ಕು ಬರೆದುಕೊಟ್ಟರೂ ಅದರ ಬಳಕೆಯಿಂದ ಬರುವ ರಾಯಲ್ಟಿಯಲ್ಲಿ ಸಮಪಾಲು ಬಿಟ್ಟುಕೊಡೋಕೆ ಬರೋದಿಲ್ಲ. ವಾರಸುದಾರರಿಗೆ ಇಲ್ಲವೇ ಕಾಪಿರೈಟ್ ಸೊಸೈಟಿಗೆ ಮಾತ್ರ ಕೊಡಬಹುದು. ಇನ್ನೊಂದು, ಕಾಂಟ್ರಾಕ್ಟ್‌ನಲ್ಲಿ ಅವಧಿ ಬರೆಯದಿದ್ದರೆ ಕಾಯ್ದೆ ಪ್ರಕಾರ ಐದೇ ವರ್ಷ. ಈ ಹುಡುಗನಿಗೆ "ಶಾಶ್ವತ" ಅಂತ ಬರೆದೇ ಕಳಿಸಿದ್ದಾರೆ, ಹಾಗಾಗಿ ಇದು ಉಪಯೋಗಕ್ಕೆ ಬರೋದಿಲ್ಲ. ಹಕ್ಕನ್ನೇ ಬರೆದುಕೊಡುವ ಬದಲು ಇಷ್ಟು ವರ್ಷಕ್ಕೆ ಅಂತ ಲೈಸೆನ್ಸ್ ಕೊಡೋಕೆ ಕೇಳಬೇಕು.

ಡೊಂಬಿವ್ಲಿ_303
ಕಾಯ್ದೆ ಪುಸ್ತಕದಲ್ಲಿ ಚೆನ್ನಾಗಿದೆ ಸರ್. ನನ್ನ ಕಾಂಟ್ರಾಕ್ಟ್‌ನಲ್ಲಿ ವ್ಯಾಜ್ಯವೆಲ್ಲ ದೆಹಲಿ ಕೋರ್ಟ್‌ನಲ್ಲಿ ಅಂತಿತ್ತು. ಫೋರ್ಟ್‌ನ ಒಬ್ಬ ವಕೀಲರು ಬರೀ ನೋಟಿಸ್‌ಗೆ 15,000 ಕೇಳಿದರು. 3,816 ರೂಪಾಯಿಯ ಇಪಿಗೆ ಯಾರು ದೆಹಲಿಗೆ ಓಡಾಡುತ್ತಾರೆ?

ಠಾಣೆ_ಈಸ್ಟ್
ಹಾಗಂತ ಕಾಯ್ದೆ ಗೊತ್ತಿರೋದು ಬೇಡವಾ? ಸಹಿಗೆ ಮೊದಲು ಗೊತ್ತಿದ್ದರೆ ಕೋರ್ಟ್ ಮಾತೇ ಬರುತ್ತಿರಲಿಲ್ಲ. 14 ಪುಟದಲ್ಲಿ ಎರಡು ಓದಿದ್ದು ನೀವು.

ಡೊಂಬಿವ್ಲಿ_303
ಆಗ ನನಗೆ 22 ವರ್ಷ. ಓದಿಸಿ ಹೇಳುವವರು ಯಾರೂ ಇರಲಿಲ್ಲ. ಇಲ್ಲಿ ಇಷ್ಟುದ್ದ ಬರೆಯುತ್ತಿರೋದೇ ಅದಕ್ಕೆ.

ಕೋಥ್ರೂಡ್_ಅಕ್ಕ
ಯಾರೂ ಆ ಗೀಗೀ ಪದದ ಬಗ್ಗೆ ಕೇಳಲೇ ಇಲ್ಲ. ತಮ್ಮಾ, ಆ ದನಿ ಯಾರದು?

ಮಾಪ್ಸಾ_ಸೈ
ನಾಲ್ಕು ಸೆಕೆಂಡ್ ಅಕ್ಕಾ. ರಿವರ್ಬ್ (ಪ್ರತಿಧ್ವನಿ) ಹಾಕಿ ಪಿಚ್ (ಶ್ರುತಿ) ಇಳಿಸಿದರೆ ಹಾಡಿದವರಿಗೇ ಗುರುತು ಸಿಗೋದಿಲ್ಲ. ನಮ್ಮ ಕಡೆ ಎಲ್ಲರೂ ಮಾಡುತ್ತಾರೆ.

ಠಾಣೆ_ಈಸ್ಟ್
ಇಷ್ಟು ಸೆಕೆಂಡ್ ತಗೊಂಡರೆ ನಡೆಯುತ್ತದೆ ಅಂತ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ರೆಕಾರ್ಡಿಂಗ್‌ಗೆ ಬಿಡುಗಡೆಯ ಮರುವರ್ಷದಿಂದ 60 ವರ್ಷ ರಕ್ಷಣೆ ಇರುತ್ತದೆ. ಕಾಂಟ್ರಾಕ್ಟ್‌ನಲ್ಲಿ "ಎಲ್ಲವೂ ನನ್ನ ಸ್ವಂತದ್ದು, ತಕರಾರು ಬಂದರೆ ಖರ್ಚು ನನ್ನದು" ಅಂತ ಒಂದು ಸಾಲು ಇರುತ್ತದೆ, ನೋಡಪ್ಪ. ಅದರ ಕೆಳಗೆ ನಿನ್ನ ಸಹಿ ಬೀಳುತ್ತದೆ.

ಕೋಥ್ರೂಡ್_ಅಕ್ಕ
ನನಗೆ ಕಾಯ್ದೆಗಿಂತ ಬೇರೆ ಸಂಕಟ. ನಮ್ಮ ಸೋದರತ್ತೆ ಗೀಗೀ ಮೇಳದಲ್ಲಿದ್ದರು. ಒಂದು ಸಲ ಕ್ಯಾಸೆಟ್‌ನವರು ಕರೆಸಿ ಸಂಜೆಯಿಂದ ಬೆಳಗಿನವರೆಗೆ ಹಾಡಿಸಿದರು. ದಪ್ಪು ಬಾರಿಸಿದವರ ಬೆರಳು ಒಡೆದು ರಕ್ತ ಬಂದಿತ್ತಂತೆ. ಕೊಟ್ಟಿದ್ದು ಊಟ ಮತ್ತು ಬಸ್ ಚಾರ್ಜು. ಕ್ಯಾಸೆಟ್ ಮೇಲೆ ಅತ್ತೆಯ ಹೆಸರೂ ಇರಲಿಲ್ಲ, "ಮತ್ತು ಸಂಗಡಿಗರು" ಅಂತ ಹಾಕಿದ್ದರು. ಅವರು ತೀರಿಕೊಂಡ ಮೇಲೆ ಅವರ ದನಿ ನಮಗೆ ಉಳಿದದ್ದು ಅದೊಂದೇ ಕ್ಯಾಸೆಟ್‌ನಲ್ಲಿ. ಅಡ್ವಾನ್ಸ್, ರಾಯಲ್ಟಿ ಅಂತ ನಾವು ಇಷ್ಟು ಜಗಳ ಆಡುತ್ತಿದ್ದೇವೆ. ಆ ದನಿಯನ್ನು ಗುರುತು ಸಿಗದ ಹಾಗೆ ಮಾಡಿ ಅಂತ ಮಾತ್ರ ಹೇಳಬೇಡಿ.

ಮಾಪ್ಸಾ_ಸೈ
ಅಕ್ಕಾ, ನಿಮ್ಮ ಅತ್ತೆ ವಿಷಯ ಗೊತ್ತಿರಲಿಲ್ಲ. ಹಾಗೆ ಹೇಳಬಾರದಿತ್ತು.

ವಿಮಾನ್‌ನಗರ_ಧಾರವಾಡ
ನಿನ್ನೆ ದೊಡ್ಡಮ್ಮನಿಗೆ ಫೋನ್ ಮಾಡಿ ಅಟ್ಟದಿಂದ ಕ್ಯಾಸೆಟ್ ಇಳಿಸಿಸಿದೆ. ಕವರ್‌ನ ಫೋಟೋ ಕಳಿಸಿದ್ದಾರೆ. 1986 ಅಂತಿದೆ, ಅಂದರೆ ಠಾಣೆ ಸರ್ ಹೇಳಿದ ಲೆಕ್ಕದಲ್ಲಿ 2046ರ ಕೊನೆವರೆಗೆ. ಕಂಪನಿ ಹೆಸರು ದೊಡ್ಡದಾಗಿದೆ. ಹಾಡಿದವರ ಹೆಸರು ಒಳಮಡಿಕೆಯಲ್ಲಿ, ಜೊತೆಗೆ ಊರು. ನವಲಗುಂದದ ಹತ್ತಿರದ ಒಂದು ಹಳ್ಳಿ. ತುಂತುಣಿ ನುಡಿಸಿದವರ ಹೆಸರು ನೀರು ಬಿದ್ದು ಅಳಿಸಿದೆ. ಭಾನುವಾರ ಚಿಕ್ಕಪ್ಪ ಆ ಊರಿಗೆ ಹೋಗಿ ವಿಚಾರಿಸುತ್ತಾರೆ.

ಕಾಂಟ್ರಾಕ್ಟ್ ಪೂರ್ತಿ ಓದಿದೆ. ತಕರಾರಿನ ಆ ಸಾಲು ಒಂಬತ್ತನೇ ಪುಟದಲ್ಲಿದೆ. ಗೀಗೀ ಟ್ರ್ಯಾಕ್ ಸದ್ಯಕ್ಕೆ ಬೇಡ, ಉಳಿದ ಎರಡಕ್ಕೆ ಏಳು ವರ್ಷದ ಲೈಸೆನ್ಸ್ ಆಗುತ್ತದಾ ಅಂತ ಲೇಬಲ್‌ಗೆ ಮೇಲ್ ಹಾಕಿದ್ದೇನೆ. ಉತ್ತರ ಬಂದಿಲ್ಲ.

ಡೊಂಬಿವ್ಲಿ_303
ಖರ್ಚಿಗೆ ಮಿತಿ ಎಷ್ಟು ಅಂತ ಕೇಳಿದೆಯಾ? ಕೇಳಿಲ್ಲದಿದ್ದರೆ ಈಗಲೇ ಇನ್ನೊಂದು ಮೇಲ್ ಹಾಕು. "ಇತರೆ" ಅನ್ನೋ ಸಾಲೇ ಇರಬಾರದು ಅಂತ ಬರೆ.