ಹಳೇ ಹಾಯಿ ದೋಣಿ: ಭಾನುವಾರಗಳಲ್ಲೇ ರಿಪೇರಿ ಮುಗಿಸಬಹುದಾ?

ಪ್ರಶ್ನೆ (ತುಮಕೂರು):
ಎಲ್ಲರಿಗೂ ನಮಸ್ಕಾರ. ನಮ್ಮ ಶೆಡ್ಡಲ್ಲಿ 12 ಅಡಿಯ ಫೈಬರ್ ಹಾಯಿ ದೋಣಿ 4 ವರ್ಷದಿಂದ ಬೋರಲು ಬಿದ್ದಿದೆ. ಮಳೆಗಾಲದ ಗಾಳಿ ಏಳುವಷ್ಟರಲ್ಲಿ ನೀರಿಗೆ ಇಳಿಸಬೇಕು ಅಂತ ತುಂಬಾ ಆಸೆ, ಆದ್ರೆ ಬಿಡುವು ಸಿಗೋದು ಭಾನುವಾರ ಮಾತ್ರ. ತಳದಲ್ಲಿ ಅಂಗೈ ಅಗಲದ ಜಾಗ ಒತ್ತಿದರೆ ಮೆತ್ತಗಿದೆ, ಸುತ್ತ ಕೂದಲೆಳೆಯಂಥ ಬಿರುಕು. ಪುಟ್ಟಿ ಹಾಕಿ ಬಣ್ಣ ಬಳಿದರೆ ಸಾಕಾ?

ಉತ್ತರ 1:
ಪುಟ್ಟಿ ಬೇಡ ಸಾರ್, ದಯವಿಟ್ಟು. ಮೊದಲು ಒಂದು ನಾಣ್ಯ ಹಿಡಿದು ತಳ ಪೂರ್ತಿ ತಟ್ಟಿ ನೋಡಿ. ಗಟ್ಟಿ ಜಾಗ ಟಣ್ ಅನ್ನುತ್ತೆ, ಪದರ ಬಿಟ್ಟ ಕಡೆ ಸದ್ದು ಮಂಕು. ಅಲ್ಲೆಲ್ಲ ಗುರುತು ಹಾಕಿ, ಗಟ್ಟಿ ಫೈಬರ್ ಸಿಗುವವರೆಗೆ ಉಜ್ಜಿ, ಅಂಚನ್ನು ಇಳಿಜಾರು ಮಾಡಿ, ಚೆನ್ನಾಗಿ ಒಣಗಿಸಿ, ಆಮೇಲೆ ಎಪಾಕ್ಸಿಯಲ್ಲಿ (ಎರಡು ದ್ರವ ಕಲಸಿದರೆ ಗಟ್ಟಿಯಾಗುವ ಅಂಟು) ನೆನೆಸಿದ ಗ್ಲಾಸ್ ಬಟ್ಟೆಯನ್ನು, ಅಂದ್ರೆ ಗಾಜಿನ ಎಳೆಯ ಬಟ್ಟೆಯನ್ನು, ಪದರ ಪದರವಾಗಿ ಕೂರಿಸಿ. ಪಾಲಿಯೆಸ್ಟರ್ ರೆಸಿನ್ ಅಗ್ಗ ನಿಜ, ಆದ್ರೆ ಹಳೇ ಫೈಬರ್ ಮೇಲೆ ಎಪಾಕ್ಸಿಯಷ್ಟು ಗಟ್ಟಿಯಾಗಿ ಹಿಡಿಯಲ್ಲ. ಬಿಸಿಲೇರಿದ ಮೇಲೆ ಎಪಾಕ್ಸಿ ಬೇಗ ಗಟ್ಟಿಯಾಗುತ್ತೆ, ಬೆಳಿಗ್ಗೆಯೇ ಸ್ವಲ್ಪ ಸ್ವಲ್ಪ ಕಲಸಿ. ಉಜ್ಜುವಾಗ ಮಾಸ್ಕ್ ಬೇಕೇ ಬೇಕು.

ಉತ್ತರ 2 (ಕುಣಿಗಲ್):
ಹಾಯಿಯನ್ನೂ ಬಿಚ್ಚಿ ನೋಡಿ ಅಣ್ಣಾ. ಬಟ್ಟೆ ಚೆನ್ನಾಗಿದ್ದರೂ ಹೊಲಿಗೆ ದಾರ ಬಿಸಿಲಿಗೆ ಸತ್ತಿರುತ್ತೆ, ಉಗುರಲ್ಲಿ ಕೆರೆದರೇ ಕಿತ್ತು ಬರುತ್ತೆ. ಕಂಬ ಹಿಡಿದಿರುವ ತಂತಿಯಲ್ಲಿ ಒಂದೇ ಎಳೆ ಮುರಿದಿದ್ದರೂ ಇಡೀ ತಂತಿ ಬದಲಾಯಿಸಿ. ಮಾರ್ಕೋನಹಳ್ಳಿ ಜಲಾಶಯಕ್ಕೆ ತರುವುದಾದರೆ ಮುಂಚೆಯೇ ಅನುಮತಿ ಕೇಳಿ, ಲೈಫ್ ಜಾಕೆಟ್ ಮರೆಯಬೇಡಿ.

ಪ್ರಶ್ನೆ ಕೇಳಿದವರು:
ನಾಣ್ಯ ತಟ್ಟಿದೆ. ಮೆತ್ತಗಿರೋದು 3 ಕಡೆ! ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದೇನೆ, ಈ ಭಾನುವಾರದಿಂದ ಉಜ್ಜೋದು ಶುರು.