ಕಿಡ್ನಿ ಸ್ಟೋನ್ ಒಡೆಯೋದು ಶಾಕ್‌ವೇವಾ, ಗುಳ್ಳೆನಾ?

ಕುತೂಹಲಿ:
ಅಪ್ಪಂಗೆ ಬಲಗಡೆ ಕಿಡ್ನೀಲಿ 9 ಮಿಮೀ ಕಲ್ಲಿದೆ, ಡಾಕ್ಟ್ರು ಲಿಥೋಟ್ರಿಪ್ಸಿ ಮಾಡೋಣ, ಕೊಯ್ಯೋದೇನೂ ಇರಲ್ಲ ಹೊರಗಿಂದ್ಲೇ ಒಡೆದುಬಿಡ್ತೀವಿ ಅಂದ್ರು. ನೆಟ್ಟಲ್ಲಿ ನೋಡಿದ್ರೆ ಒಬ್ರು ಶಾಕ್‌ವೇವ್ ಅಂತಾರೆ, ಇನ್ನೊಬ್ರು ಅಲ್ಟ್ರಾಸೌಂಡ್ ಅಂತಾರೆ, ಮತ್ತೊಬ್ರು ಗುಳ್ಳೆ ಎದ್ದು ಕಲ್ಲು ಪುಡಿ ಆಗತ್ತೆ ಅಂತಾರೆ. ಗುಳ್ಳೆಗೆ ಕಲ್ಲು ಒಡೆಯೋ ತಾಕತ್ತು ಎಲ್ಲಿಂದ ಬರತ್ತೆ ಮಾರಾಯ್ರೆ? ಅದೇ ಹೊಡೆತಕ್ಕೆ ಕಿಡ್ನಿ ಯಾಕೆ ಒಡೆಯಲ್ಲ?

ಅಲೆಮಾರಿ:
ಎರಡೂ ಸೇರಿನೇ ಒಡೆಯೋದು. ಶಾಕ್‌ವೇವ್ ಬಂದಾಗ ಮೊದ್ಲು ಒತ್ತಡ ರಪ್ ಅಂತ ಏರಿ ಕಲ್ಲನ್ನ ಹಿಂಡತ್ತೆ, ಒಳಗೆ ಬಿರುಕು ಬೀಳತ್ತೆ. ಹಿಂದೇನೇ ಒತ್ತಡ ಸೊನ್ನೆಗಿಂತ ಕೆಳಗೆ ಇಳಿಯತ್ತಲ್ಲ, ಆಗ ಕಲ್ಲಿನ ಸುತ್ತ ಇರೋ ಮೂತ್ರದಲ್ಲಿ ಸಣ್ಣ ಸಣ್ಣ ಗುಳ್ಳೆ ಏಳತ್ತೆ, ಇದೇ ಕ್ಯಾವಿಟೇಷನ್. ಗುಳ್ಳೆ ಉಬ್ಬಿ ತಟ್ಟನೆ ಕುಸಿಯುವಾಗ ಪಕ್ಕದಲ್ಲಿ ಗಟ್ಟಿ ಮೈ ಇದ್ರೆ ಎಲ್ಲಾ ಕಡೆಯಿಂದ ಸಮನಾಗಿ ಕುಸಿಯಲ್ಲ, ಆಚೆ ಬದಿಯ ನೀರು ಸೂಜಿ ಥರ ಗುಳ್ಳೆನ ತೂರ್ಕೊಂಡು ಬಂದು ಕಲ್ಲಿಗೆ ಬಡಿಯತ್ತೆ. ಹಡಗಿನ ಪ್ರೊಪೆಲ್ಲರ್ ಸವೆದು ಗುಂಡಿ ಬೀಳೋದೂ ಈ ಕ್ಯಾವಿಟೇಷನ್ನಿಂದ್ಲೇ.

ಕಿಡ್ನಿಗೆ ಏನೂ ಆಗಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಮೆತ್ತಗಿನ ಮಾಂಸ ನೀರಿನ ಹಾಗೆ ಅಲೆನ ದಾಟಿಸಿಬಿಡತ್ತೆ, ಫೋಕಸ್ಸೂ ಕಲ್ಲಿನ ಮೇಲೇ ಇರತ್ತೆ, ಆದ್ರೂ ಸಣ್ಣ ರಕ್ತನಾಳದಲ್ಲಿ ಗುಳ್ಳೆ ಎದ್ರೆ ರಕ್ತ ಒಸರತ್ತೆ, ಮೂತ್ರ ಕೆಂಪಗೆ ಹೋಗೋದು ಅದ್ಕೇ. ರಕ್ತ ತೆಳು ಮಾಡೋ ಮಾತ್ರೆ ಇದ್ರೆ ಮೊದ್ಲೇ ಹೇಳಿ, ನೀವಾಗೇ ನಿಲ್ಸೋಕೂ ಹೋಗ್ಬೇಡಿ.

ಜೆಲ್‌ಬಾಟ್ಲಿ:
ನಾನು ಈ ಮಷೀನ್ ಹತ್ರಾನೇ ಕೆಲ್ಸ ಮಾಡೋನು. ಗುಳ್ಳೆ ಸಹಾಯಾನೂ ಮಾಡತ್ತೆ, ಕಾಟಾನೂ ಕೊಡತ್ತೆ. ನಿಮಿಷಕ್ಕೆ 120 ಶಾಕ್ ಕೊಟ್ರೆ ಹಿಂದಿನ ಹೊಡೆತದ ಚೂರುಪಾರು ಗುಳ್ಳೆ ಇನ್ನೂ ಕರಗಿರಲ್ಲ, ಮುಂದಿನ ಅಲೆಗೆ ಅವೇ ಅಡ್ಡ. 60ಕ್ಕೆ ಇಳಿಸಿದ್ರೆ ಕಲ್ಲು ಚೆನ್ನಾಗಿ ಒಡೆಯತ್ತೆ. ಪೇಷೆಂಟ್‌ಗಳು ಇನ್ನೂ ಎಷ್ಟೊತ್ತು ಅಂತ ಗೊಣಗ್ತಾರೆ, ಗೊಣಗ್ಲಿ ಬಿಡಿ. ಚರ್ಮಕ್ಕೆ ಹಚ್ಚೋ ಜೆಲ್ಲಲ್ಲಿ ಗಾಳಿ ಸೇರ್ಕೊಂಡ್ರೂ ಅಷ್ಟೇ, ಅಲೆ ಸರಿಯಾಗಿ ಒಳಗೆ ಹೋಗಲ್ಲ.

ಹಳೇಪುಟ:
ಶಾಕ್‌ವೇವ್ ಹೊಸದಲ್ಲ, 1980ರಲ್ಲಿ ಮ್ಯೂನಿಕ್‌ನಲ್ಲಿ ಮೊದಲ ಪೇಷೆಂಟ್‌ಗೆ ಮಾಡಿದ್ದು, ಮಷೀನ್ ಮಾಡಿದ್ದು ಡಾರ್ನಿಯರ್ ಅನ್ನೋ ವಿಮಾನದ ಕಂಪ್ನಿ! ನೀವು ಓದಿರೋ ಅಲ್ಟ್ರಾಸೌಂಡ್ ಬೇರೆ, ಬರ್ಸ್ಟ್ ವೇವ್ ಅಂತ, ಸಿಯಾಟಲ್‌ನ ವಾಷಿಂಗ್ಟನ್ ಯೂನಿವರ್ಸಿಟಿಯವ್ರದ್ದು. ಒಂದೇ ದೊಡ್ಡ ಏಟಿನ ಬದಲು ಕಡಿಮೆ ಒತ್ತಡದ ಅಲೆಗಳ ಸಣ್ಣ ಸಣ್ಣ ಕಂತು. 2022ರ ವರದೀಲಿ 19 ಜನರ 23 ಕಲ್ಲಲ್ಲಿ 21 ಒಡೆದಿದ್ವು, ಒಂದೊಂದಕ್ಕೆ ಹೆಚ್ಚಂದ್ರೆ 10 ನಿಮಿಷ. ಜಪಾನಿನವ್ರು ಇನ್ನೊಂದು ದಾರಿ ಹಿಡಿದಿದ್ರು, ಹೈ ಫ್ರೀಕ್ವೆನ್ಸೀಲಿ ಕಲ್ಲಿನ ಮೈಮೇಲೇ ಗುಳ್ಳೆ ಮೋಡ ಎಬ್ಬಿಸಿ, ತಕ್ಷಣ ಲೋ ಫ್ರೀಕ್ವೆನ್ಸೀಲಿ ಅದನ್ನ ಕುಸಿಯೋ ಹಾಗೆ ಮಾಡೋದು. ನಂಗೆ ಇದೇ ಜಾಣತನ ಅನ್ಸತ್ತೆ, ಗುಳ್ಳೆ ಬೇಕಾದಲ್ಲಿ ಮಾತ್ರ ಏಳತ್ತಲ್ಲ.

ಕುತೂಹಲಿ:
ಥ್ಯಾಂಕ್ಸ್ ಎಲ್ರಿಗೂ. ಸಿಟಿ ರಿಪೋರ್ಟಲ್ಲಿ 1150 ಎಚ್‌ಯು ಅಂತಿದೆ, ಇದೇನು?

ಜೆಲ್‌ಬಾಟ್ಲಿ:
ಕಲ್ಲು ಎಷ್ಟು ದಟ್ಟ ಅನ್ನೋದು. 1000 ದಾಟಿದ್ರೆ ಶಾಕ್‌ವೇವ್‌ಗೆ ಸುಲಭಕ್ಕೆ ಬಗ್ಗಲ್ಲ, ಕೆಳಗಿನ ಮೂಲೇಲಿದ್ರೆ ಪುಡಿ ಹೊರಗೆ ಬರೋದೂ ಕಷ್ಟ. ಮೂತ್ರದ ದಾರೀಲಿ ಎಂಡೋಸ್ಕೋಪ್ (ಒಳಗೆ ನೋಡೋ ಸಣ್ಣ ನಳಿಗೆ) ಹಾಕಿ ಲೇಸರಲ್ಲಿ ಒಡೆಯೋದು ವಾಸಿನಾ ಅಂತ ಡಾಕ್ಟ್ರನ್ನ ಒಂದ್ಸಲ ಕೇಳಿ.