ಚಿಕ್ಕಪ್ಪ ಹಾಕಿರೋ 286ರ ಫೋಟೋಗೆ

ಚಿಕ್ಕಪ್ಪ, ಸ್ವಲ್ಪ ಉದ್ದ ಆಗತ್ತೆ, ಪೂರ್ತಿ ಕೇಳ್ಬಿಡಿ. ನೀವು ಗ್ರೂಪಲ್ಲಿ ಶುಗರ್ ಮೀಟರ್ ಫೋಟೋ ಹಾಕಿ 286 ಬಂದೈತೆ, ರಾತ್ರಿ ಮಾತ್ರೆ ಎರಡು ನುಂಗ್ತೀನಿ ಅಂದ್ರಲ್ಲ, ಆ ಎರಡನೇ ಮಾತ್ರೆ ಬೇಡ್ವೇ ಬೇಡ. ಚಿಕ್ಕಮ್ಮ ಈಗ ಫೋನಲ್ಲಿ ಹೇಳಿದ್ರು, ನೀವು ಮಂಡಿಯಿಂದ ತಂದಿದ್ದ ರಸಪುರಿ ಮಾವು ಕುಯ್ದು ಮಕ್ಕಳಿಗೆ ಕೊಡ್ತಿದ್ರಂತೆ, ಕೈ ಪಂಚೆಗೆ ಒರ್ಸ್ಕೊಂಡು ಹಂಗೇ ಚುಚ್ಕೊಂಡ್ರಂತೆ. ಅಲ್ಲ, ಶ್ರೀನಿವಾಸಪುರದ ರಸಪುರಿ, ರಸ ಮೊಣಕೈವರ್ಗೂ ಇಳಿಯತ್ತೆ, ಪಂಚೆಗೆ ಒರ್ಸಿದ್ರೆ ಹೋಗತ್ತಾ? ಮೀಟರಿಗೆ ಹಾಕೋ ಸ್ಟ್ರಿಪ್ ಎಳ್ಕೊಳ್ಳೋದು ಇಷ್ಟೇ ಇಷ್ಟು ರಕ್ತ, ಬೆರಳಲ್ಲಿ ಹಣ್ಣಿನ ಅಂಟು ಇದ್ರೆ ಆ ಸಕ್ಕರೆನೂ ಲೆಕ್ಕಕ್ಕೆ ಸೇರ್ಕೊಂಡ್ಬಿಡತ್ತೆ. ಸ್ಪಿರಿಟ್ ಹತ್ತಿ ಸವರಿದ್ರೂ ನಂಬಕ್ಕಾಗಲ್ಲ. ಸೋಪು ಹಾಕಿ ತೊಳ್ದು, ಪೂರ್ತಿ ಒಣಗಿದ್ಮೇಲೆ ಬೆರಳ ತುದಿಯ ಪಕ್ಕಕ್ಕೆ ಚುಚ್ಚಿ, ಮಧ್ಯಕ್ಕಲ್ಲ, ನೋವೂ ಕಮ್ಮಿ. ತೋಟದಲ್ಲಿ ನೀರಿಲ್ಲ, ಕೈಗೆ ಹಣ್ಣಿನ ಅಂಟು, ಕೊಳೆ ಏನೂ ತಗಲಿಲ್ಲ ಅಂದ್ರೆ ಮಾತ್ರ ಮೊದಲ ಹನಿ ಒರ್ಸಿ ಎರಡನೇ ಹನಿ ಹಾಕಿ. ಸ್ಟ್ರಿಪ್ ಡಬ್ಬಿ ಮುಚ್ಚಳನೂ ತೆಗ್ದಂಗೇ ಬಿಡ್ಬೇಡಿ, ತೇವ ತಗಲಿದ್ರೆ ಕೆಡ್ತವೆ.

ಹಂಗಂತ ಮೀಟರೇ ಸುಳ್ಳು, ನಂಗೆ ಶುಗರೇ ಇಲ್ಲ ಅಂತ ಶುರು ಹಚ್ಕೋಬೇಡಿ ಮತ್ತೆ! ಈಗ ಕೈ ತೊಳ್ದು ಇನ್ನೊಂದ್ಸಲ ನೋಡಿ, ಆಗ್ಲೂ ಅಷ್ಟೇ ಇದ್ರೆ ಡಾಕ್ಟ್ರಿಗೆ ಫೋನ್ ಮಾಡಿ ಕೇಳಿ.

ಎರಡು ಮಾತ್ರೆ ಯಾಕ್ ಬೇಡ ಅಂದ್ರೆ, ನಿಮ್ಮ ಚೀಟೀಲಿ ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್ ಅನ್ನೋ ಇನ್ನೊಂದು ಶುಗರ್ ಔಷಧಿನೂ ಐತೆ. ಅದು ಇರೋದೇ ಮೈಯಲ್ಲಿ ಶುಗರ್ ಇಳಿಸೋ ಇನ್ಸುಲಿನ್ ಸುರಿಸಕ್ಕೆ, ಜಾಸ್ತಿ ತಗೊಂಡ್ರೆ ನಡುರಾತ್ರೀಲಿ ಶುಗರ್ ಇಳ್ದೋಗತ್ತೆ. ಚಿಕ್ಕಮ್ಮ, ಇದು ನಿಮ್ಗೆ. ಅವ್ರು ಬೆವತು ನಡುಗ್ತಿದ್ರೆ, ಸುಮ್ಸುಮ್ನೆ ರೇಗ್ತಿದ್ರೆ (ಅದು ದಿನಾ ಇದ್ದಿದ್ದೇ ಅನ್ಬೇಡಿ), ತಕ್ಷಣ ಚೆಕ್ ಮಾಡಿ. 70ಕ್ಕಿಂತ ಕೆಳಗಿದ್ರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡ್ಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರಿಲ್ಲ ಅಂದ್ರೆ ಇನ್ನೊಂದ್ಸಲ ಕೊಡಿ, ಏರಿದ್ಮೇಲೆ ಏನಾದ್ರೂ ತಿನ್ಸಿ. ಪ್ರಜ್ಞೆ ತಪ್ಪಿದ್ರೆ ಮಾತ್ರ ಬಾಯಿಗೆ ಏನೂ ಹಾಕ್ಬೇಡಿ, 108ಕ್ಕೆ ಫೋನ್ ಮಾಡಿ.

ಭಾವ, ನೀವು ಕೆಳಗೆ ಮುದ್ದೆ ಎಷ್ಟು ತಿಂದ್ರೂ ಶುಗರ್ ಏರಲ್ಲ ಅಂತ ಹಾಕಿದೀರ. ಏರತ್ತೆ. ರಾಗಿನೂ ಹಿಟ್ಟೇ ತಾನೇ. ಮುದ್ದೆ ಬಿಡಿ ಅಂತಿಲ್ಲ, ನಿಮ್ಮನೇಲಿ ಕಟ್ಟೋ ಸೈಜು ಅರ್ಧ ಮಾಡ್ಸಿ, ಬಸ್ಸಾರಿನ ಸೊಪ್ಪು ಕಾಳು ತಟ್ಟೆ ತುಂಬ ಹಾಕ್ಕೊಳ್ಳಿ. ಮಾವಿನಹಣ್ಣೂ ಅಷ್ಟೇ, ಮುದ್ದೆ ಉಂಡ ಮೇಲೆ ಅದ್ರ ಮೇಲೊಂದು ಇಡೀ ಹಣ್ಣು ಬೇಡ, ಜ್ಯೂಸಂತೂ ಬೇಡ. ಒಂದೆರಡು ಹೋಳು ತಿಂದು, ಎರಡು ಗಂಟೆ ಬಿಟ್ಟು ಮೀಟರಲ್ಲಿ ನೋಡ್ಕೊಂಡ್ರೆ ನಿಮ್ಮ ಮೈಗೆ ಎಷ್ಟು ಒಗ್ಗತ್ತೆ ಅಂತ ಗೊತ್ತಾಗತ್ತೆ.

ಮತ್ತೆ ಚಿಕ್ಕಪ್ಪ, ಎಚ್‌ಬಿಎ1ಸಿ ಅನ್ನೋ ರಕ್ತದ ಟೆಸ್ಟ್ ಮಾಡ್ಸಿ ಎಷ್ಟ್ ದಿನ ಆಯ್ತು? ಎರಡು ಮೂರು ತಿಂಗಳ ಶುಗರಿನ ಸರಾಸರಿ ಅದ್ರಲ್ಲೇ ಸಿಗೋದು, ಹಿಂದಿನ ದಿನ ಉಪವಾಸ ಇದ್ರೂ ಮುಚ್ಚಿಡಕ್ಕಾಗಲ್ಲ. ನಾಳೆ ಖಾಲಿ ಹೊಟ್ಟೇಲಿ ಕೈ ತೊಳ್ದು ನೋಡಿ ಗ್ರೂಪಿಗೆ ಹಾಕಿ. ಬರೀ ನಂಬರ್ ಹಾಕ್ಬೇಡಿ, ಎಷ್ಟೊತ್ತಿಗೆ ನೋಡಿದ್ದು, ರಾತ್ರಿ ಏನ್ ತಿಂದಿದ್ರಿ, ಅದನ್ನೂ ಬರೀರಿ.